ಮಳೆಗಾಲದ ನಂತರ ಕ್ಲಚ್, ಬ್ರೇಕ್ ಲಿವರ್ ಕೆಲಸ: ವಾಸ್ಕೋದ ಶೈನ್

ಗಾಡಿ ಹೋಂಡಾ ಶೈನ್ 125, ಮುಂದೆ ಡಿಸ್ಕ್. ನಿಲ್ಲುವುದು ಗೋವಾದ ವಾಸ್ಕೋದಲ್ಲಿ, ಬೈನಾ ಕಡೆ, ಕಡಲಗಾಳಿ ನೇರ ಬಡಿಯುವ ತಗಡಿನ ಶೆಡ್ಡಿನಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ವರ್ಷವಿಡೀ ಉಪ್ಪಿನ ತೇವ, ಮೇಲೆ ಬಂದರಿನ ಕಲ್ಲಿದ್ದಲ ಪುಡಿ. ತೊಂದರೆ ಎರಡು: ಕ್ಲಚ್ ಬಿಗಿ, ಮತ್ತು ಬ್ರೇಕ್ ಲಿವರ್ ಬಿಟ್ಟಾಗ ಕೊನೆಯ ಒಂದಿಷ್ಟು ದೂರ ನಿಧಾನವಾಗಿ ಮರಳುವುದು.

ಶನಿವಾರ ಸಂಜೆ, ಕ್ಲಚ್

ಕ್ಲಚ್ ಬಿಗಿಯಾಯಿತೆಂದರೆ ಎಲ್ಲರೂ ಮೊದಲು ಕೇಬಲ್ ಬದಲಿಸುತ್ತಾರೆ. ಅದಕ್ಕೂ ಮೊದಲು ಬಿಗಿ ಎಲ್ಲಿದೆ ಎಂದು ನೋಡಬೇಕು. ಎಂಜಿನ್ ಕಡೆಯ ಅಡ್ಜಸ್ಟರ್ (ಕೇಬಲ್ಲಿನ ಬಿಗಿ ಹೊಂದಿಸುವ ತಿರುಪು) ಸಡಿಲಿಸಿ, ಲಿವರಿನ ಬಳಿ ಇರುವ ಮೇಲಿನ ಅಡ್ಜಸ್ಟರನ್ನು ಪೂರ್ತಿ ಒಳಗೆ ತಿರುಗಿಸಿ, ಅದರ ಸೀಳು, ಲಾಕ್ ರಿಂಗಿನ ಸೀಳು, ಹೋಲ್ಡರಿನ ಸೀಳು ಮೂರನ್ನೂ ಒಂದೇ ಗೆರೆಗೆ ತಂದರೆ ಕೇಬಲ್ ಹೊರಬರುತ್ತದೆ. ಕೆಳಗಿನ ತುದಿಯನ್ನೂ ಬಿಡಿಸಿ. ಈಗ ಲಿವರ್, ಕೇಬಲ್, ಎಂಜಿನ್ ಕಡೆಯ ತೋಳು, ಒಂದೊಂದನ್ನೇ ಬೇರೆಬೇರೆಯಾಗಿ ಆಡಿಸಿ ನೋಡಿ. ಇಲ್ಲಿ ತೋಳು ಸರಾಗ, ಕೇಬಲ್ ತುಸು ಗರಗರ, ಲಿವರ್ ಮಾತ್ರ ಇಟ್ಟಲ್ಲೇ ನಿಂತಿತ್ತು. ದೋಷ ಹೆಚ್ಚಾಗಿ ಕೀಲಿನದೇ, ಅಂದರೆ ಲಿವರ್ ತಿರುಗುವ ಬೋಲ್ಟಿನ ಜಾಗದ್ದೇ.

ಮೊದಲು ಕೆಳಗಿನ ನಟ್ಟನ್ನು 10ರ ಪಾನಾದಿಂದ ಬಿಚ್ಚಿ, ಆಮೇಲೆ ಮೇಲಿನಿಂದ ಬೋಲ್ಟ್ ತಿರುಗಿಸಿ ತೆಗೆಯಬೇಕು. ಉಲ್ಟಾ ಮಾಡಿದರೆ ಹೋಲ್ಡರಿನ ಮರೆ (ಥ್ರೆಡ್) ಹಾಳು. ಒಳಗೆ ಒಣಗಿ ಕಪ್ಪಾದ ಗ್ರೀಸು, ತೂತಿನ ಸುತ್ತ ಬಿಳಿ ಪುಡಿ. ಲಿವರ್ ಅಲ್ಯುಮಿನಿಯಂ, ಬೋಲ್ಟ್ ಉಕ್ಕು. ನಡುವೆ ಉಪ್ಪುನೀರು ನಿಂತರೆ ಅಲ್ಯುಮಿನಿಯಂ ತಿನ್ನಿಸಿಕೊಳ್ಳುತ್ತದೆ. ಡೀಸೆಲ್ ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಬೋಲ್ಟಿಗೆ 600 ನಂಬರಿನ ಪೇಪರ್ ಹಗುರಾಗಿ. ಉಗುರಿಗೆ ಸಿಗುವಷ್ಟು ಕೊರೆತ ಇದ್ದರೆ ಬೋಲ್ಟ್ ಬದಲಿಸಿ. ಲಿವರಿನ ತೂತೇ ಮೊಟ್ಟೆಯಾಕಾರ ಆಗಿದ್ದರೆ ಗ್ರೀಸಿನಿಂದ ಏನೂ ಆಗುವುದಿಲ್ಲ, ಲಿವರನ್ನೇ ಬದಲಿಸಬೇಕು.

ಲಿಥಿಯಂ ಗ್ರೀಸು ಕೀಲಿಗೆ ಬಟಾಣಿ ಕಾಳಿನಷ್ಟು ಸಾಕು. ಹೆಚ್ಚಾದದ್ದು ಹೊರಬಂದು ಧೂಳು ಹಿಡಿಯುತ್ತದೆ. ಅದಕ್ಕಿಂತ ಮುಖ್ಯವಾದ, ಬಹಳಷ್ಟು ಗ್ಯಾರೇಜುಗಳಲ್ಲಿ ಬಿಟ್ಟುಹೋಗುವ ಜಾಗ ಕೇಬಲ್ಲಿನ ನಿಪ್ಪಲ್. ಲಿವರ್ ಎಳೆದಾಗ ಆ ಸಣ್ಣ ಗುಂಡು ತನ್ನ ಗೂಡಿನಲ್ಲಿ ತಿರುಗಬೇಕು. ಒಣಗಿ ಕಚ್ಚಿಕೊಂಡರೆ ಅದರ ಬದಲು ತಂತಿ ಬಗ್ಗುತ್ತದೆ, ಪ್ರತಿ ಎಳೆತಕ್ಕೂ ಅದೇ ಜಾಗದಲ್ಲಿ. ಕೇಬಲ್ ನಿಪ್ಪಲ್ ಬುಡದಲ್ಲೇ ಹರಿಯುವುದು ಇದರಿಂದ. ಒಂದೇ ಎಳೆ ಎದ್ದಿದ್ದರೂ ಆ ಕೇಬಲ್ ನಂಬಬೇಡಿ. ಇಲ್ಲಿ ಎಳೆಗಳು ಸರಿಯಿದ್ದವು. ಗೂಡು ಒರೆಸಿ ಗ್ರೀಸು ತುಂಬಿಸಿದ್ದಾಯಿತು.

ಕೇಬಲ್ಲಿನ ಮೇಲ್ತುದಿಗೆ ಪ್ಲಾಸ್ಟಿಕ್ ಚೀಲದ ಮೂಲೆಯನ್ನು ಆಲಿಕೆಯಂತೆ ಕಟ್ಟಿ, 10ಡಬ್ಲ್ಯೂ-30 ಎಂಜಿನ್ ಆಯಿಲ್ ಸುಮಾರು 5 ಮಿ.ಲೀ. ಹಾಕಿ ರಾತ್ರಿಯಿಡೀ ನೇತುಹಾಕಿದೆ. ಕೆಳಗೆ ಮೊದಲು ಕಂದು ನೀರು, ಬೆಳಗಾಗುವಷ್ಟರಲ್ಲಿ ಶುದ್ಧ ಎಣ್ಣೆ. ಒಳಗೆ ಟೆಫ್ಲಾನ್ ಪದರ ಇರುವ ಕೇಬಲ್ ಎಂದು ಪೊಟ್ಟಣದ ಮೇಲೆ ಬರೆದಿದ್ದರೆ ಎಣ್ಣೆ ಬೇಡ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಕೆಲಸ ಮುಗಿಯಿತು ಎನ್ನುವವರಿದ್ದಾರೆ. ಅದು ಇದ್ದ ಗ್ರೀಸನ್ನೂ ತೊಳೆದುಹಾಕುತ್ತದೆ.

ಭಾನುವಾರ ಬೆಳಿಗ್ಗೆ, ಬ್ರೇಕ್

ಬಿಚ್ಚುವ ಕ್ರಮ ಅದೇ, ಗ್ರೀಸು ಮಾತ್ರ ಬೇರೆ. ಲಿವರ್ ಒತ್ತಿದಾಗ ಬ್ರೇಕ್ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರಿನ ರಬ್ಬರು ಪೆಟ್ರೋಲಿಯಂ ಗ್ರೀಸಿಗೆ, ಡೀಸೆಲ್ಲಿಗೆ ಊದಿಕೊಳ್ಳುತ್ತದೆ. ಆದ್ದರಿಂದ ಈ ಕಡೆ ಸಾಬೂನು ನೀರಿನ ಬಟ್ಟೆ, ಆಮೇಲೆ ಸಿಲಿಕೋನ್ ಗ್ರೀಸು: ಕೀಲಿಗೆ ತೆಳ್ಳಗೆ, ಲಿವರ್ ಪಿಸ್ಟನ್ನನ್ನು ಒತ್ತುವ ತುದಿಗೆ ಸಾಸಿವೆ ಕಾಳಿನಷ್ಟು. ರಬ್ಬರ್ ಬೂಟನ್ನು ಎಳೆಯಬೇಡಿ. ಬ್ರೇಕ್ ಲೈಟಿನ ಸ್ವಿಚ್ಚಿಗೆ ಗ್ರೀಸು ತಾಗಬಾರದು.

ಲಿವರ್ ನಿಧಾನವಾಗಿ ಮರಳುವುದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಲಿವರ್ ಪೂರ್ತಿ ಬಾರದಿದ್ದರೆ ಪಿಸ್ಟನ್ನೂ ಪೂರ್ತಿ ಹಿಂದೆ ಬರುವುದಿಲ್ಲ, ಆಯಿಲ್ ಡಬ್ಬಿಗೆ ದಾರಿ ಬಿಡುವ ಸಣ್ಣ ತೂತು ಮುಚ್ಚೇ ಇರುತ್ತದೆ. ಓಡುತ್ತಾ ಬಿಸಿಯಾಗಿ ಹಿಗ್ಗಿದ ಬ್ರೇಕ್ ಆಯಿಲ್ ಹೋಗಲು ಜಾಗವಿಲ್ಲದೆ ಪ್ಯಾಡನ್ನು ಒತ್ತುತ್ತದೆ, ಅದರಿಂದ ಮತ್ತಷ್ಟು ಬಿಸಿ, ಕೊನೆಗೆ ಮುಂದಿನ ಚಕ್ರವೇ ಕಚ್ಚಿಕೊಳ್ಳಬಹುದು. ಅದಕ್ಕೇ ಲಿವರಿಗೂ ಪಿಸ್ಟನ್ನಿಗೂ ನಡುವೆ ಕೂದಲೆಳೆಯಷ್ಟಾದರೂ ಆಟ (ಸಡಿಲ) ಉಳಿಯಬೇಕು.

ಜೋಡಿಸುವಾಗ ಬೋಲ್ಟನ್ನು ಲಿವರ್ ತಡೆಯಿಲ್ಲದೆ ಆಡುವಷ್ಟೇ ಬಿಗಿಮಾಡಿ, ಅದನ್ನು ಹಿಡಿದುಕೊಂಡೇ ನಟ್ ಬಿಗಿಯಬೇಕು. ಜೋರು ಹಾಕಿದರೆ ಹೋಲ್ಡರಿನ ಕಿವಿಗಳು ಲಿವರನ್ನು ಹಿಸುಕಿ, ಮಾಡಿದ ಕೆಲಸವೆಲ್ಲ ನೀರುಪಾಲು. ಕ್ಲಚ್ ಲಿವರಿನ ತುದಿಯಲ್ಲಿ ಆಟ 10ರಿಂದ 20 ಮಿ.ಮೀ. ಇರಬೇಕು, ಇಲ್ಲಿ 14ಕ್ಕೆ ನಿಲ್ಲಿಸಿದ್ದು. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿದಾಗಲೂ ಅಷ್ಟೇ ಇರಬೇಕು, ಕಡಿಮೆಯಾದರೆ ಕೇಬಲ್ ಎಲ್ಲೋ ಸಿಕ್ಕಿಹಾಕಿಕೊಂಡಿದೆ.

ಹದಿನೈದು ದಿನದ ನಂತರ

ಕ್ಲಚ್ ಆಟ 16 ಮಿ.ಮೀ. ಆಗಿತ್ತು, ಮೇಲಿನ ಅಡ್ಜಸ್ಟರನ್ನು ತುಸು ಹೊರಗೆ ತಿರುಗಿಸಿ ಮತ್ತೆ 14ಕ್ಕೆ ತಂದದ್ದಾಯಿತು. ಬ್ರೇಕ್ ಲಿವರ್ ಬಿಟ್ಟ ತಕ್ಷಣ ಟಕ್ ಎಂದು ಮರಳುತ್ತಿದೆ. ಮುಂದಿನ ಚಕ್ರ ಎತ್ತಿ ತಿರುಗಿಸಿ, ಬ್ರೇಕ್ ಹಿಡಿದು ಬಿಟ್ಟು ನೋಡಿದರೆ ಎಳೆತವಿಲ್ಲ. ಡಬ್ಬಿಯ ಕಿಟಕಿಯಲ್ಲಿ ಆಯಿಲ್ ಕಂದಾಗಿ ಕಾಣುತ್ತಿದೆ, ಮುಂದಿನ ವಾರ ಅದನ್ನು ಬದಲಿಸುವ ಕೆಲಸ.