ಪುಸ್ತಕ ಎತ್ತಿಕೊಡೋದಕ್ಕೂ ಡಿಗ್ರಿ ಬೇಕಾ?

ಬೇಕು.

ಮದುವೆಮನೆ ಊಟದ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಬಾಡಿಗೆ ಮನೆ ನೋಡಲು ಹೋದಾಗ, ಎಲ್ಲ ಕಡೆಯೂ ಇದೇ ಮಾತು. "ಏನ್ ಓದ್ತಿದೀಯಮ್ಮಾ?" "ಎಂ.ಲಿಬ್, ಆಂಟಿ. ಲೈಬ್ರರಿ ಸೈನ್ಸ್." "ಅಯ್ಯೋ, ಅದಕ್ಕೂ ಓದಬೇಕಾ? ಪುಸ್ತಕ ಎತ್ತಿಕೊಡೋದು ತಾನೆ? ಈಗಂತೂ ಎಲ್ಲಾ ಮೊಬೈಲಲ್ಲೇ ಸಿಗುತ್ತೆ." ಪ್ರಶ್ನೆ ಕೇಳಿದವರೇ ಉತ್ತರವನ್ನೂ ಹೇಳಿ ಮುಗಿಸಿರುತ್ತಾರೆ. ನಾನು ಬಾಯಿ ತೆರೆಯುವಷ್ಟರಲ್ಲಿ ಮಾತು ಬೇರೆಯವರ ಮಗಳ ಸಾಫ್ಟ್‌ವೇರ್ ಕೆಲಸದ ಕಡೆ ಹೊರಳುತ್ತದೆ. ಆದ್ದರಿಂದ ಹೇಳಬೇಕಾದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಬಾಯಲ್ಲಿ ಹೇಳುವುದಿಲ್ಲ.

ಎತ್ತಿಕೊಡುವುದಂತೂ ಇದ್ದೇ ಇದೆ. ಯಾವುದನ್ನು ಎತ್ತಿಕೊಡಬೇಕು ಎನ್ನುವುದೇ ನಮ್ಮ ಓದು.

ಹೋದ ವರ್ಷ ಇಂಟರ್ನ್‌ಶಿಪ್‌ಗೆ ನನ್ನನ್ನು ಒಂದು ಗ್ರಂಥಾಲಯದ ಪರಾಮರ್ಶನ ವಿಭಾಗಕ್ಕೆ ಹಾಕಿದ್ದರು. ಕೌಂಟರಿನಲ್ಲಿ ಹಿರಿಯ ಗ್ರಂಥಪಾಲಕಿ ಮೇಡಂ, ಪಕ್ಕದ ಕುರ್ಚಿಯಲ್ಲಿ ನಾನು. ಒಂದು ಮಧ್ಯಾಹ್ನ ವಯಸ್ಸಾದ ಯಜಮಾನರೊಬ್ಬರು ಬಂದರು. ಬಿಡಬೇಕೆಂದು ಯಾರೂ ಹೇಳದಿದ್ದರೂ ಚಪ್ಪಲಿಯನ್ನು ಬಾಗಿಲ ಹೊರಗೇ ಬಿಟ್ಟಿದ್ದರು. ಪೇಪರ್ ಮೇಜಿನ ಹತ್ತಿರ ಬಹಳ ಹೊತ್ತು ನಿಂತಿದ್ದು, ಆಮೇಲೆ ನಮ್ಮ ಕಡೆ ಬಂದು, "ಚಿಕ್ಕಮಗಳೂರಿನ ಇತಿಹಾಸದ್ದು ಒಂದು ಪುಸ್ತಕ ಬೇಕಿತ್ತು ತಾಯಿ" ಅಂದರು.

ಕರ್ನಾಟಕದ ಇತಿಹಾಸ ಇರುವ ರ‍್ಯಾಕ್ ತೋರಿಸಿ ಕಳಿಸಿದ್ದರೆ ಕೆಲಸ ಎರಡು ನಿಮಿಷಕ್ಕೆ ಮುಗಿಯುತ್ತಿತ್ತು. ಅವರು ಅಲ್ಲೊಂದು ಪುಸ್ತಕ ತಿರುವಿ ಹಾಕಿ, ಬೇಕಾದ್ದು ಸಿಗದೆ, ಯಾರಿಗೂ ಏನೂ ಹೇಳದೆ ಹೊರಟುಹೋಗುತ್ತಿದ್ದರು. ಮೇಡಂ ಕುರ್ಚಿ ತೋರಿಸಿ, "ಕೂತ್ಕೊಳಿ ಯಜಮಾನ್ರೇ. ಯಾವೂರು ತಮ್ದು?" ಅಂದರು.

ಊರು ತರೀಕೆರೆ ತಾಲ್ಲೂಕಿನದು. ಹೆಸರು ಬರೆಯುವುದಿಲ್ಲ.

"ಇತಿಹಾಸದಲ್ಲಿ ಏನು ಬೇಕಾಗಿತ್ತು? ನೀವೇನಾದ್ರೂ ಬರೀತಿದೀರಾ?"

"ನಾನೆಲ್ಲಿ ಬರೀಲಿ ತಾಯಿ. ನಮ್ಮ ದೇವಸ್ಥಾನದ ಕೆಲಸ ನಡೀತಿದೆ."

"ಸರಿ, ದೇವಸ್ಥಾನದ್ದೇನು?"

ಆಮೇಲೆ ವಿಷಯ ಬಂತು. ದೇವಸ್ಥಾನದ ಮುಂದೆ ಒಂದು ಕಲ್ಲಿದೆ, ಅದರ ಮೇಲೆ ಅಕ್ಷರ ಇವೆ. ಜೀರ್ಣೋದ್ಧಾರದ ಕೆಲಸ ವಹಿಸಿಕೊಂಡವನು ಅದನ್ನು ಕಿತ್ತು ಮೆಟ್ಟಿಲಿಗೆ ಹಾಕುತ್ತೇನೆ ಅನ್ನುತ್ತಿದ್ದಾನೆ. ಊರಲ್ಲಿ ಇದು ಬೇಡ ಅಂದವರು ಇವರೊಬ್ಬರೇ. "ಅದ್ರಲ್ಲಿ ಏನ್ ಬರ‍್ದಿದೆ ಅಂತ ಗೊತ್ತಾದ್ರೆ ನಾನು ಮಾತಾಡಬಹುದು. ಬರೀ ಕಲ್ಲು ಅಂತಾರೆ ಅವ್ರು."

ಚಿಕ್ಕಮಗಳೂರಿನ ಇತಿಹಾಸ ಕೇಳಿ ಬಂದವರಿಗೆ ಬೇಕಾಗಿದ್ದದ್ದು ಒಂದು ಕಲ್ಲಿನ ಮೇಲಿನ ಕೆಲವು ಸಾಲು.

ಮೇಡಂ ಎದ್ದು ಹೋಗಿ ತಂದದ್ದು 'ಎಪಿಗ್ರಾಫಿಯಾ ಕರ್ನಾಟಿಕಾ'ದ ಆರನೆಯ ಸಂಪುಟ. ಮೈಸೂರು ಸಂಸ್ಥಾನದ ಮತ್ತು ಕೊಡಗಿನ ಊರೂರಿನ ಶಾಸನಗಳನ್ನು ನಕಲು ಮಾಡಿಸಿ ಬಿ. ಎಲ್. ರೈಸ್ ಪ್ರಕಟಿಸಿದ ಸಂಪುಟಗಳಲ್ಲಿ ಅದೂ ಒಂದು. ಮೊದಲನೆಯದು ಕೊಡಗಿನದು, 1886ರಲ್ಲಿ ಬಂತು. ಹನ್ನೆರಡು ಸಂಪುಟಗಳು ಮುಗಿಯುವ ಹೊತ್ತಿಗೆ 1905 ಆಗಿತ್ತು. ಆರನೆಯದರ ಮೇಲೆ ಚಿಕ್ಕಮಗಳೂರು ಎಂದು ಇರುವುದಿಲ್ಲ, ಕಡೂರು ಜಿಲ್ಲೆ ಎಂದಿರುತ್ತದೆ, ಏಕೆಂದರೆ ಆಗ ಆ ಜಿಲ್ಲೆಯ ಹೆಸರೇ ಅದು. ಕ್ಯಾಟಲಾಗಿನಲ್ಲಿ ಚಿಕ್ಕಮಗಳೂರು ಎಂದು ಎಷ್ಟು ಹುಡುಕಿದರೂ ಈ ಸಂಪುಟ ಬರಲಾರದು. ಒಳಗೆ ಶಾಸನಗಳಿಗೆ ತಾಲ್ಲೂಕುವಾರು ನಂಬರು. ಪ್ರತಿಯೊಂದರ ಮೇಲೆ ಊರು, ಹೋಬಳಿ, ಕಲ್ಲು ಎಲ್ಲಿ ನಿಂತಿದೆ ಎನ್ನುವ ವಿವರ: ದೇವಸ್ಥಾನದ ಎದುರು, ಕೆರೆ ಏರಿಯ ಮೇಲೆ, ಇಂಥವರ ಹೊಲದಲ್ಲಿ. ಒಂದೇ ಶಾಸನ ಕನ್ನಡ ಲಿಪಿಯಲ್ಲಿ ಒಂದು ಕಡೆ, ಇಂಗ್ಲಿಷ್ ಲಿಪಿಯಲ್ಲಿ ಇನ್ನೊಂದು ಕಡೆ, ಅನುವಾದ ಮತ್ತೊಂದು ಕಡೆ.

ಮೇಡಂ ತರೀಕೆರೆ ಭಾಗ ತೆಗೆದು, ಊರಿನ ಹೆಸರುಗಳ ಮೇಲೆ ಬೆರಳಿಟ್ಟುಕೊಂಡು ಹೋದರು. ಬೆರಳು ಒಂದು ಕಡೆ ನಿಂತಿತು. ದನ ಹೊಡೆದುಕೊಂಡು ಹೋಗುತ್ತಿದ್ದವರ ಬೆನ್ನಟ್ಟಿ, ತುರುಗಳನ್ನು ಬಿಡಿಸಿ, ಅಲ್ಲೇ ಸತ್ತವನ ವೀರಗಲ್ಲು ಅದು. ಯಜಮಾನರು ಹಳಗನ್ನಡದ ಸಾಲುಗಳನ್ನು ತಡವರಿಸುತ್ತ ತಾವೇ ಓದಿದರು. ತಮ್ಮ ಊರಿನ ಹೆಸರು ಬಂದ ಜಾಗದಲ್ಲಿ ಎರಡು ಸಲ ಓದಿದರು. "ನಮ್ಮಪ್ಪ ಹೇಳೋರು, ಅದ್ರಲ್ಲಿ ನಮ್ಮೂರಿನ ಹೆಸ್ರು ಇದೆ ಅಂತ."

ಮೇಡಂ ಜೆರಾಕ್ಸ್ ಮಾಡಿಸಿ, ಹಿಂಬದಿಯಲ್ಲಿ ಸಂಪುಟ, ತಾಲ್ಲೂಕು, ಶಾಸನದ ನಂಬರು, ಪುಟ ಬರೆದುಕೊಟ್ಟರು. ಇದರ ಒಂದು ಪ್ರತಿ ಇಟ್ಟು ಮೈಸೂರಿನ ಪುರಾತತ್ತ್ವ ಇಲಾಖೆಗೆ ಅರ್ಜಿ ಹಾಕಿ, ಪಂಚಾಯಿತಿಗೂ ಒಂದು ಕೊಡಿ ಎಂದರು. ಯಜಮಾನರು ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡು, "ಪುಸ್ತಕದಲ್ಲೇ ಇದೆ ಅಂದ್ಮೇಲೆ ಇನ್ನು ಬರೀ ಕಲ್ಲು ಅನ್ನಕ್ಕಾಗಲ್ಲ ಬಿಡಿ" ಅಂದರು.

ಈ ಸಂಪುಟಗಳು ಸ್ಕ್ಯಾನ್ ಆಗಿ ಅಂತರ್ಜಾಲದಲ್ಲೂ ಇವೆ, ನನಗೂ ಗೊತ್ತು. ಕಡೂರು ಎಂದು ಹುಡುಕಬೇಕು ಅಂತ ಆ ಯಜಮಾನರಿಗೆ ಮೊಬೈಲು ಹೇಳುತ್ತಿತ್ತೇ? ತಮಗೆ ಬೇಕಾದ್ದು ಇತಿಹಾಸದ ಪುಸ್ತಕ ಅಲ್ಲ, ಶಾಸನದ ಪಾಠ ಎಂದು ಯಾರು ಅವರಿಂದ ಹೊರಡಿಸಬೇಕಿತ್ತು? ಕೌಂಟರಿಗೆ ಬರುವ ಹೆಚ್ಚಿನವರು ತಮಗೆ ಬೇಕಾದ್ದನ್ನು ಕೇಳುವುದಿಲ್ಲ. ಗ್ರಂಥಾಲಯದಲ್ಲಿ ಇರಬಹುದು ಎಂದು ತಮಗೆ ಅನಿಸಿದ್ದನ್ನು ಕೇಳುತ್ತಾರೆ. ಇವೆರಡರ ನಡುವಿನ ದಾರಿಯನ್ನು ನಾಲ್ಕು ಪ್ರಶ್ನೆಯಲ್ಲಿ, ಎದುರಿಗಿರುವವರಿಗೆ ಸಂಕೋಚವಾಗದಂತೆ ದಾಟುವುದನ್ನು ನಮಗೆ ಕಲಿಸುತ್ತಾರೆ. ಓದುಗರಿಗೆ ಗ್ರಂಥಪಾಲಕರು ಹೀಗೆ ಎದುರು ನಿಂತು ನೆರವಾಗಬೇಕು ಎಂದು ಅಮೆರಿಕದ ಸ್ಯಾಮ್ಯುಯೆಲ್ ಗ್ರೀನ್ ಬರೆದದ್ದು 1876ರಲ್ಲಿ. ಹೊಸ ವಿಚಾರವೇನಲ್ಲ.

"ಬೋರ್ ಆಗಲ್ವಾ?" ಅನ್ನುವವರಿಗೂ ಇಲ್ಲೇ ಹೇಳಿಬಿಡುತ್ತೇನೆ. ಭಾರತದಲ್ಲಿ ಗ್ರಂಥಾಲಯ ವಿಜ್ಞಾನಕ್ಕೆ ಬುನಾದಿ ಹಾಕಿದ ಎಸ್. ಆರ್. ರಂಗನಾಥನ್ ಅವರಿಗೂ ಬೇಸರ ಬಂದಿತ್ತು. ಗಣಿತದ ಮೇಷ್ಟರಾಗಿದ್ದವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು, ಕೆಲಸವೇ ಇಲ್ಲವೆಂದು ಬೇಸತ್ತು ಕಾಲೇಜಿಗೆ ವಾಪಸ್ ಹೋಗುತ್ತೇನೆ ಅಂದರು. ಲಂಡನ್ನಿಗೆ ಹೋಗಿ ಅಲ್ಲಿನ ಗ್ರಂಥಾಲಯಗಳನ್ನು ನೋಡಿದ ಮೇಲೆ ಈ ಕೆಲಸ ಬಿಡಲೇ ಇಲ್ಲ. 1931ರಲ್ಲಿ ಅವರು ಬರೆದ ಗ್ರಂಥಾಲಯದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಿ ಎನ್ನುತ್ತದೆ. ಕೊನೆಯ ವರ್ಷಗಳನ್ನು ಅವರು ಕಳೆದದ್ದು ನಮ್ಮ ಬೆಂಗಳೂರಿನಲ್ಲೇ. 1962ರಲ್ಲಿ ಇಲ್ಲೇ ಡಿಆರ್‌ಟಿಸಿ ಎಂಬ ಗ್ರಂಥಾಲಯ ವಿಜ್ಞಾನದ ಸಂಶೋಧನೆ, ತರಬೇತಿ ಕೇಂದ್ರ ಶುರು ಮಾಡಿದರು. ಅಂಥವರು ಬದುಕಿದ ಊರಿನಲ್ಲಿ ನನ್ನನ್ನು ಈ ಪ್ರಶ್ನೆ ಕೇಳಿದರೆ ಸಿಟ್ಟು ಬರುತ್ತದೆ.

ನನ್ನನ್ನು ಯಾರೂ ಕೇಳದ ಪ್ರಶ್ನೆ ಒಂದಿದೆ: "ನಾನು ಬಂದು ಕೇಳಬಹುದಾ?"

ಈಗ ಓದಿನ ಜೊತೆಗೆ ಸಂಜೆ ಹೊತ್ತು ಒಂದು ಕೌಂಟರಿನಲ್ಲಿ ಕೂರುತ್ತೇನೆ. ಜನ ಕೇಳಲು ಎಷ್ಟು ಹೆದರುತ್ತಾರೆ ಎಂದು ಅಲ್ಲಿ ಕೂತ ಮೇಲೇ ತಿಳಿದದ್ದು. "ತೊಂದ್ರೆ ಕೊಡ್ತಿದೀನಿ" ಎಂದೇ ಮಾತು ಶುರು ಮಾಡುತ್ತಾರೆ. ಕಚೇರಿ ಕಚೇರಿಗಳಲ್ಲಿ ಗದರಿಸಿಕೊಂಡು ಬಂದ ಅಭ್ಯಾಸ. ಒಬ್ಬ ಹೆಂಗಸು ಕಾನೂನು ಪುಸ್ತಕ ಯಾವ ಕಡೆ ಎಂದರು. ಗುರುತು ಸಿಗುವಂಥದ್ದೇನೂ ಬರೆಯುವುದಿಲ್ಲ, ಕೌಂಟರಿನಲ್ಲಿ ಕೇಳಿದ್ದು ಕೌಂಟರಿನಲ್ಲೇ ಇರಬೇಕು. ಅವರಿಗೆ ತಿಳಿಯಬೇಕಾಗಿದ್ದದ್ದು ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಇದೆಯೇ ಎನ್ನುವುದು. ಮದುವೆಯಾಗಿ ಬಹಳ ವರ್ಷವಾಗಿತ್ತು.

ರ‍್ಯಾಕಿನಲ್ಲಿ ಕೈಗೆ ಸುಲಭವಾಗಿ ಸಿಗುತ್ತಿದ್ದ ಪುಸ್ತಕ ಹಳೆಯದು. ಅದರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಆದ 1994ರ ಕರ್ನಾಟಕದ ತಿದ್ದುಪಡಿ ಇದೆ: ಹೆಣ್ಣುಮಕ್ಕಳಿಗೂ ಸಮಪಾಲು, ಆದರೆ ತಿದ್ದುಪಡಿ ಜಾರಿಗೆ ಬರುವ ಮೊದಲೇ ಮದುವೆಯಾದವರಿಗೆ ಇಲ್ಲ. ಅದನ್ನು ಎತ್ತಿಕೊಟ್ಟಿದ್ದರೆ ಅವರು ಓದಿ, ನನಗೆ ಇಲ್ಲ ಎಂದುಕೊಂಡು ಮನೆಗೆ ಹೋಗುತ್ತಿದ್ದರು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ಉಳಿಸಿಲ್ಲ. ಅದು ಜಾರಿಗೆ ಬಂದ ದಿನಕ್ಕೆ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪಾಲುಪಟ್ಟಿ ಆಗಿದ್ದರೆ ಆ ಮಾತು ಬೇರೆ. ಇಷ್ಟನ್ನೂ ಅವರ ಮುಂದೆ ತೆರೆದಿಟ್ಟೆ. ನಿಮಗೆ ಪಾಲು ಬರುತ್ತದೆ ಎಂದು ಹೇಳಲಿಲ್ಲ, ಅದು ನಮ್ಮ ಕೆಲಸವಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ ಎನ್ನುವುದನ್ನೂ ಬರೆದುಕೊಟ್ಟೆ. ಯಾಕೆ ಬೇಕು ಎಂದು ಕೇಳಲಿಲ್ಲ, ರಿಜಿಸ್ಟರಿನಲ್ಲಿ ವಿಷಯ ಬರೆಯಲೂ ಹೇಳಲಿಲ್ಲ. ಹಳೆಯ ಪುಸ್ತಕದ ಒಳಗೆ, ಆ ತಿದ್ದುಪಡಿ ಇರುವ ಪುಟಕ್ಕೆ, 2005 ನೋಡಿ ಎಂದು ಚೀಟಿ ಇಟ್ಟೆ.

ಡಿಗ್ರಿ ಯಾಕೆ ಎಂದು ಕೇಳುವವರು ಆ ಹಳೆಯ ಪುಸ್ತಕ, 2005ರ ತಿದ್ದುಪಡಿ ಎರಡರಲ್ಲಿ ತಾವಾಗಿದ್ದರೆ ಯಾವುದನ್ನು ಎತ್ತಿಕೊಡುತ್ತಿದ್ದರು ಎಂದು ಯೋಚಿಸಲಿ.

ಹಾಗಾಗಿ ಬನ್ನಿ, ಕೇಳಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನಿಮ್ಮ ಮನೆ ಕಂದಾಯದ ಜೊತೆಗೆ ಗ್ರಂಥಾಲಯ ಸೆಸ್ ಕಟ್ಟುತ್ತಿದ್ದೀರಿ, ತೆರಿಗೆಯ ಮೇಲೆ ಶೇಕಡ 6. ನೀವು ಕೊಡುತ್ತಿರುವುದು ತೊಂದರೆಯಲ್ಲ. ಬಂದಾಗ ಪುಸ್ತಕದ ಹೆಸರು ಹೇಳಬೇಕಾಗಿಲ್ಲ, ಆಗಬೇಕಾದ ಕೆಲಸ ಏನು ಎಂದು ಹೇಳಿ. ಊರಿನ ವಿಷಯವಾದರೆ ಹೋಬಳಿಯನ್ನೂ ಹೇಳಿ, ಹಿಂದೆ ಯಾವ ತಾಲ್ಲೂಕಿನಲ್ಲಿತ್ತು ಎಂದು ಹಿರಿಯರನ್ನು ಕೇಳಿಕೊಂಡು ಬಂದರೆ ಇನ್ನೂ ಒಳ್ಳೆಯದು. ನಾಲ್ಕು ಜನರ ಮುಂದೆ ಹೇಳಲಾಗದ ವಿಷಯವಾದರೆ ಚೀಟಿಯಲ್ಲಿ ಬರೆದು ಕೊಡಿ. ನಿಮ್ಮ ಊರಿನ ಗ್ರಂಥಾಲಯದಲ್ಲಿ ಕೇಳಲು ಯಾರೂ ಇಲ್ಲದಿದ್ದರೆ, ತರಬೇತಿ ಪಡೆದವರನ್ನು ಯಾಕೆ ಹಾಕಿಲ್ಲ ಎಂದು ಇಲಾಖೆಗೆ ಬರೆಯಿರಿ. ಓದಿ ಮುಗಿಸಿ ಕೆಲಸಕ್ಕೆ ಕಾಯುತ್ತಿರುವವರು ನನ್ನ ತರಗತಿಯಲ್ಲೇ ಬೇಕಾದಷ್ಟು ಜನ ಇದ್ದೇವೆ.