ಸರ್ವರ್ ಡೌನ್ ಆಗೇತೇನ್ರಿ?

ಹಾವೇರಿ ಕಡೆಯ ಒಂದು ಪತ್ತಿನ ಸಹಕಾರ ಸಂಘದಲ್ಲಿ 14 ವರ್ಷದಿಂದ ಕಂಪ್ಯೂಟರು, ನೆಟ್‌ವರ್ಕು, ಡೇಟಾಬೇಸು ಮೂರನ್ನೂ ನಾನೇ ನೋಡಿಕೊಳ್ಳುತ್ತಿದ್ದೇನೆ. ಇಷ್ಟು ವರ್ಷದಲ್ಲಿ ನನ್ನ ಕಿವಿಗೆ ಅತಿ ಹೆಚ್ಚು ಬಿದ್ದ ಮಾತು ಒಂದೇ: "ಸರ, ಸರ್ವರ್ ಡೌನ್ ಆಗೇತೇನ್ರಿ?" ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ಇದೇ, ಮೌಸಿನ ವೈರು ಕಿತ್ತು ಬಂದಿದ್ದರೂ ಇದೇ. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗಲೂ ಪಕ್ಕದವರು, "ನೀವು ಅದೇ ಲೈನಿನವರಲ್ರೀ, ಈ ಸರ್ವರ್ ಯಾಕ ಪದೇ ಪದೇ ಡೌನ್ ಆಗ್ತೈತಿ?" ಅನ್ನುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಸರ್ವರ್ ಅಂದರೆ ಎಲ್ಲರ ಲೆಕ್ಕವನ್ನೂ ಒಂದೇ ಕಡೆ ಇಟ್ಟುಕೊಂಡು, ಉಳಿದ ಕಂಪ್ಯೂಟರುಗಳು ಕೇಳಿದ್ದನ್ನು ಕೊಡುವ ಕಂಪ್ಯೂಟರು. ಬಹಳಷ್ಟು ಸಲ ಅದು ಡೌನ್ ಆಗಿರುವುದೇ ಇಲ್ಲ.

ಈ ಮಾತು ಎಲ್ಲಿಂದ ಹುಟ್ಟಿತು ಅಂತ ನನಗೆ ಗೊತ್ತು. ನ್ಯಾಯಬೆಲೆ ಅಂಗಡಿ ಮುಂದೆ, ಯಾವುದೋ ಕಚೇರಿಯ ಕಿಟಕಿ ಮುಂದೆ ಎರಡು ತಾಸು ನಿಂತವರಿಗೆ "ಸರ್ವರ್ ಇಲ್ಲ, ನಾಳೆ ಬರ್ರಿ" ಅಂತ ಹೇಳಿ ಕಳಿಸಿದ್ದಾರೆ. ಹಾಗಾಗಿ ಜನರಿಗೆ ಸರ್ವರ್ ಅಂದರೆ ಮಳೆ ಇದ್ದ ಹಾಗೆ. ಬಂದರೆ ಬಂತು, ಬರದಿದ್ದರೆ ಯಾರನ್ನು ಕೇಳುವುದು? ನನಗೆ ಸಿಟ್ಟು ಬರುವುದು ಇಲ್ಲೇ. ಕಾರಣ ಇರುತ್ತದೆ. ಪ್ರತಿ ಸಲ ಇರುತ್ತದೆ, ಹುಡುಕಿದರೆ ಸಿಗುತ್ತದೆ. "ಸರ್ವರ್ ಡೌನ್" ಅಂದುಬಿಟ್ಟರೆ ಹುಡುಕುವ ಬಾಗಿಲೇ ಮುಚ್ಚಿಹೋಗುತ್ತದೆ.

ನಾನು ತಿರುಗಿ ಕೇಳುವುದು ಎರಡೇ. ಪರದೆ ಮೇಲೆ ಏನು ಬರೆದಿದೆ? ತೊಂದರೆ ನಿಮಗೊಬ್ಬರಿಗಾ, ಪಕ್ಕದವರಿಗೂನಾ? ಇಷ್ಟಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿಯಿತು.

ಒಬ್ಬರಿಗೇ ಆಗಿದ್ದರೆ ಬಹುತೇಕ ಅವರ ಮೇಜಿನ ಸುತ್ತಮುತ್ತಲೇ ಕಾರಣ ಇರುತ್ತದೆ. ನೆಟ್‌ವರ್ಕಿನಲ್ಲಿ ಆ ಕಂಪ್ಯೂಟರಿಗಿರುವ ನಂಬರು, ಅಂದರೆ ಐಪಿ ವಿಳಾಸ, 169.254 ಅಂತ ಶುರುವಾಗಿದ್ದರೆ, ವಿಳಾಸ ಹಂಚುವ ಡಿಎಚ್‌ಸಿಪಿಯ ಸಂಪರ್ಕ ಸಿಗದೆ ವಿಂಡೋಸ್ ತನಗೆ ತಾನೇ ಒಂದು ವಿಳಾಸ ಕೊಟ್ಟುಕೊಂಡಿದೆ ಅಂತ ಅರ್ಥ. ಮೊದಲು ಕೇಬಲ್ ಒತ್ತಿ ನೋಡಿ. ಯಾವ ಜಾಲತಾಣ ತೆರೆದರೂ ಸುರಕ್ಷಿತವಲ್ಲ ಅಂತ ಎಚ್ಚರಿಕೆ ಬರುತ್ತಿದೆಯೇ? ಮೂಲೆಯಲ್ಲಿರುವ ತಾರೀಖು ನೋಡಿ. ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ, ಸಿಆರ್ 2032 ಅಂತ. ಅದು ಸತ್ತರೆ ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ, ಜಾಲತಾಣಗಳು ತಮ್ಮ ಗುರುತಿಗೆ ತೋರಿಸುವ ಪ್ರಮಾಣಪತ್ರಗಳ ದಿನಾಂಕ ತಾಳೆಯಾಗುವುದಿಲ್ಲ. ಇಡೀ ಕಚೇರಿಯೇ ನಿಂತಿದ್ದರೆ ಸ್ವಿಚ್ಚಿನ ಹತ್ತಿರ ಹೋಗುತ್ತೇನೆ (ಕರೆಂಟಿನ ಸ್ವಿಚ್ಚಲ್ಲ, ಎಲ್ಲ ಕಂಪ್ಯೂಟರುಗಳ ನೆಟ್‌ವರ್ಕ್ ವೈರು ಬಂದು ಸೇರುವ ಪೆಟ್ಟಿಗೆ). ಒಮ್ಮೆ ಕಸ ಗುಡಿಸುವಾಗ ಕೆಳಗೆ ಬಿದ್ದಿದ್ದ ವೈರನ್ನು ಯಾರೋ ಪಾಪ ಒಳ್ಳೆಯ ಮನಸ್ಸಿನಿಂದಲೇ ಎತ್ತಿ, ಎರಡೂ ತುದಿಯನ್ನು ಒಂದೇ ಸ್ವಿಚ್ಚಿಗೆ ಚುಚ್ಚಿದ್ದರು. ಸಂದೇಶಗಳು ಅದರೊಳಗೇ ಗಿರಕಿ ಹೊಡೆಯುತ್ತ ಇಡೀ ನೆಟ್‌ವರ್ಕನ್ನು ತುಂಬಿಬಿಟ್ಟವು. ಎಲ್ಲ ದೀಪಗಳೂ ಒಂದೇ ಸಮ ಪಟಪಟ ಮಿನುಗುತ್ತಿದ್ದವು. ಒಂದು ತುದಿ ಎಳೆದೆ, ಸರಿಹೋಯಿತು.

ಆದರೆ ನಾನು ಹೇಳಲೇಬೇಕಾದದ್ದು ಆ ಮಾರ್ಚ್ 31ರ ಕತೆ.

ಕೆಲವು ವರ್ಷದ ಹಿಂದಿನ ಮಾತು. ಸಾಲದ ಕಂತು ಕಟ್ಟುವವರ ಸಾಲು ಮೆಟ್ಟಿಲವರೆಗೆ ಬಂದಿತ್ತು. ಅವತ್ತು ಕಟ್ಟದಿದ್ದರೆ ಸುಸ್ತಿದಾರರ ಪಟ್ಟಿಗೆ ಹೆಸರು ಬೀಳುತ್ತದೆ. ಮಧ್ಯಾಹ್ನ ಒಂದೂವರೆಗೆ ಕೌಂಟರಿನ ಪರದೆಗಳೆಲ್ಲ ನಿಂತುಬಿಟ್ಟವು. ಮ್ಯಾನೇಜರ್ ಸಾಹೇಬರು ಬಾಗಿಲಲ್ಲೇ ನಿಂತು, "ಸರ್ವರ್ ಡೌನ್ ಆಗೇತಿ, ರೀಸ್ಟಾರ್ಟ್ ಮಾಡ್ರಿ, ಎಷ್ಟೊತ್ತು ನೋಡ್ತೀರಿ" ಅಂದರು. ನಾನು ಮಾಡಲಿಲ್ಲ. ಪಿಂಗ್ ಕೊಟ್ಟರೆ, ಅಂದರೆ ನೆಟ್‌ವರ್ಕಿನಲ್ಲಿ "ಇದ್ದೀಯಾ" ಅಂತ ಕೂಗಿದರೆ, ಸರ್ವರ್ ತಕ್ಷಣ ಉತ್ತರ ಕೊಡುತ್ತಿತ್ತು, ಸಿಪಿಯು ಹೆಚ್ಚುಕಡಿಮೆ ಖಾಲಿ ಕೂತಿತ್ತು. ಸತ್ತವರು ಹೀಗೆ ಉಸಿರಾಡುವುದಿಲ್ಲ.

ನಮ್ಮ ಡೇಟಾಬೇಸು ನಡೆಸುವ ಎಸ್‌ಕ್ಯೂಎಲ್ ಸರ್ವರ್ ಅನ್ನುವ ತಂತ್ರಾಂಶದಲ್ಲಿ ಯಾರು ಯಾರಿಗಾಗಿ ಕಾಯುತ್ತಿದ್ದಾರೆ ಅಂತ ತೋರಿಸುವ ಪಟ್ಟಿಯೊಂದನ್ನು ತೆಗೆಯಬಹುದು. ತೆಗೆದೆ. ಅದರಲ್ಲಿ ಪ್ರತಿ ಸಂಪರ್ಕಕ್ಕೂ ಒಂದು ನಂಬರ್ ಇರುತ್ತದೆ. 61 ಕಾಯುತ್ತಿದ್ದದ್ದು 58ಕ್ಕೆ, 63 ಕಾಯುತ್ತಿದ್ದದ್ದು 58ಕ್ಕೆ, 64 ಕಾಯುತ್ತಿದ್ದದ್ದೂ 58ಕ್ಕೇ. ಆ 58 ಮಾತ್ರ ಯಾರಿಗೂ ಕಾಯುತ್ತಿರಲಿಲ್ಲ. ಅದು ಮೂರನೇ ಕೌಂಟರ್. ಅಲ್ಲಿ ಹೋಗಿ ನೋಡಿದರೆ ಕುರ್ಚಿ ಖಾಲಿ. ಮಾನಿಟರ್ ಗುಂಡಿ ಒತ್ತಿದೆ. ಪರದೆಯ ನಡುವೆ ಒಂದು ಪುಟ್ಟ ಪೆಟ್ಟಿಗೆ: "ವೋಚರ್ ಉಳಿಸಬೇಕೆ? ಹೌದು / ಇಲ್ಲ". ಕ್ಯಾಶಿಯರ್ ಅಕ್ಕ ಆ ಪ್ರಶ್ನೆಗೆ ಉತ್ತರ ಕೊಡದೆ ಬುತ್ತಿ ಬಿಚ್ಚಲು ಎದ್ದು ಹೋಗಿದ್ದರು. ಬೆಳಿಗ್ಗೆಯಿಂದ ಒಂದು ಲೋಟ ನೀರು ಕುಡಿಯಲೂ ಅವರು ಎದ್ದಿರಲಿಲ್ಲ.

ಆಗಿದ್ದಿಷ್ಟು. ಮುಂದಿನ ವೋಚರ್ ನಂಬರ್ ಎಷ್ಟು ಅಂತ ಡೇಟಾಬೇಸಿನಲ್ಲಿ ಒಂದೇ ಒಂದು ಸಾಲಿನಲ್ಲಿ ಬರೆದಿರುತ್ತದೆ. ಇಡೀ ಕಚೇರಿಗೆ ಒಂದೇ ರಸೀದಿ ಪುಸ್ತಕ ಇದ್ದ ಹಾಗೆ. ಅಕ್ಕನ ಪ್ರೋಗ್ರಾಮು ಆ ಸಾಲಿಗೆ ಬೀಗ ಹಾಕಿಕೊಂಡು, ಆಮೇಲೆ "ಉಳಿಸಬೇಕೆ" ಅಂತ ಕೇಳುತ್ತಿತ್ತು. ಉತ್ತರ ಬರುವವರೆಗೆ ಪುಸ್ತಕ ಅವರ ಕೈಯಲ್ಲೇ. ಅವರನ್ನು ಕರೆದೆ, ಬಂದು ಎಂಜಲು ಕೈ ಹಿಂದಿಟ್ಟುಕೊಂಡು ಎಡಗೈಯಲ್ಲಿ "ಹೌದು" ಒತ್ತಿದರು. ಅದೇ ಕ್ಷಣ ಎಲ್ಲ ಕೌಂಟರಿನಲ್ಲೂ ಪ್ರಿಂಟರ್ ಸದ್ದು ಶುರುವಾಯಿತು. ಸಾಲಿನಲ್ಲಿದ್ದವರು "ಸರ್ವರ್ ಬಂತು, ಸರ್ವರ್ ಬಂತು" ಅಂದರು.

ಸಂಜೆ ಮೀಟಿಂಗಿನಲ್ಲಿ ತಪ್ಪು ಅಕ್ಕನ ತಲೆಗೆ ಬಂತು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಬೀಗ ಹಾಕಿಕೊಂಡು ಮನುಷ್ಯರ ಉತ್ತರಕ್ಕೆ ಕಾಯುವಂತೆ ಪ್ರೋಗ್ರಾಮು ಬರೆದದ್ದೇ ತಪ್ಪು. ಮೊದಲು ಕೇಳಬೇಕು, ಉತ್ತರ ಬಂದ ಮೇಲೆ ಬೀಗ ಹಾಕಿ, ಬರೆದು, ಕಣ್ಣು ಮಿಟುಕಿಸುವುದರೊಳಗೆ ಬಿಡಬೇಕು. ನಾನು ಅವತ್ತು ರೀಸ್ಟಾರ್ಟ್ ಮಾಡಿದ್ದರೆ ತೊಂದರೆ ಆ ಹೊತ್ತಿಗೆ ಹೋಗುತ್ತಿತ್ತು, ಜೊತೆಗೆ ಎಲ್ಲರ ಅರ್ಧ ಮುಗಿದ ಎಂಟ್ರಿಗಳೂ ಹೋಗುತ್ತಿದ್ದವು. ಕಾರಣ ಮಾತ್ರ ಹಾಗೇ ಉಳಿದು, ಮರುದಿನ ಊಟದ ಹೊತ್ತಿಗೆ ಮತ್ತೆ ಬರುತ್ತಿತ್ತು.

ರೀಸ್ಟಾರ್ಟ್ ಕೆಟ್ಟದ್ದಲ್ಲ. ನಿಮ್ಮ ಮೇಜಿನ ಕಂಪ್ಯೂಟರಿಗೆ ನಾನೇ ಹೇಳುತ್ತೇನೆ, ಮಾಡಿ ಅಂತ. ಆದರೆ ರೀಸ್ಟಾರ್ಟನ್ನೇ ಮಾಡಿ. "ರಾತ್ರಿ ಶಟ್‌ಡೌನ್ ಮಾಡಿ ಹೋಗಿದ್ದೆ ಸರ" ಅನ್ನುವುದು ಅದಕ್ಕೆ ಸಮವಲ್ಲ. ವಿಂಡೋಸ್ 8ರಿಂದೀಚೆಗೆ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ, ಶಟ್‌ಡೌನ್ ಮಾಡಿದಾಗ ಒಳಗಿನ ಸ್ಥಿತಿಯ ಒಂದು ಭಾಗವನ್ನು ಡಿಸ್ಕಿಗೆ ಬರೆದಿಟ್ಟು, ಬೆಳಿಗ್ಗೆ ಅದನ್ನೇ ಎತ್ತಿಕೊಳ್ಳುತ್ತದೆ. ನಿನ್ನೆಯ ರೋಗ ಇವತ್ತೂ ಜೊತೆಗೇ ಬರುತ್ತದೆ.

ಇಷ್ಟೆಲ್ಲ ಕೇಳುವವರು ಒಂದು ಪ್ರಶ್ನೆಯನ್ನು ಮಾತ್ರ ಕೇಳುವುದಿಲ್ಲ: "ಎಲ್ಲಾ ಹೋತು ಅಂದ್ರ ವಾಪಸ್ ಬರ್ತೈತೇನು?" ಆಡಿಟ್‌ಗೆ ಬಂದವರು ಬ್ಯಾಕಪ್ ತೆಗೆಯುತ್ತೀರಾ ಅಂತ ಕೇಳಿ ಟಿಕ್ ಹಾಕಿಕೊಳ್ಳುತ್ತಾರೆ. ತೆಗೆದದ್ದನ್ನು ತಿರುಗಿ ಹಾಕಿ ನೋಡಿದ್ದೀರಾ ಅಂತ ಕೇಳಿದವರನ್ನು ನಾನು ಕಂಡಿಲ್ಲ. 2017ರ ಜನವರಿ 31ರಂದು ಪ್ರೋಗ್ರಾಮು ಬರೆಯುವವರ ಕೋಡು ಇಟ್ಟುಕೊಳ್ಳುವ ಗಿಟ್‌ಲ್ಯಾಬ್ ಕಂಪನಿಯಲ್ಲಿ ದಣಿದಿದ್ದ ಎಂಜಿನಿಯರೊಬ್ಬರು ಬೇರೆ ಸರ್ವರ್ ಅಂದುಕೊಂಡು ಮುಖ್ಯ ಡೇಟಾಬೇಸಿನ ಕಡತಗಳನ್ನೇ ಅಳಿಸಿಬಿಟ್ಟರು. ಬ್ಯಾಕಪ್ ಹುಡುಕಿದರೆ ಇಲ್ಲ. ಬ್ಯಾಕಪ್ ತೆಗೆಯುವ ಸಾಧನ 9.2 ಆವೃತ್ತಿಯದು, ಡೇಟಾಬೇಸು 9.6, ಎರಡಕ್ಕೂ ಹೊಂದಾಣಿಕೆಯಿಲ್ಲ. ದಿನವೂ ಸೋಲುತ್ತಿದ್ದದ್ದು ಯಾರ ಗಮನಕ್ಕೂ ಬಂದಿರಲಿಲ್ಲ. ಯಾವುದೋ ಪರೀಕ್ಷೆಗೆಂದು ಸುಮಾರು ಆರು ತಾಸು ಮೊದಲು ಕೈಯಾರೆ ತೆಗೆದಿದ್ದ ಪ್ರತಿಯೊಂದು ಸಿಕ್ಕಿ ಉಳಿದರು. ನಡೆದದ್ದನ್ನೆಲ್ಲ ಅವರೇ ಬಹಿರಂಗವಾಗಿ ಬರೆದರು. ಅದಕ್ಕೆ ನನಗೆ ಅವರ ಮೇಲೆ ಗೌರವ.

ಅದನ್ನು ಓದಿದ ವಾರವೇ ನಮ್ಮ ಹಿಂದಿನ ರಾತ್ರಿಯ ಬ್ಯಾಕಪ್ಪನ್ನು ಒಂದು ಹಳೆಯ ಕಂಪ್ಯೂಟರಿಗೆ ಹಾಕಿ ನೋಡಿದೆ. ಹಿಂದಿನ ರಾತ್ರಿಯದು ಇರಲೇ ಇಲ್ಲ. ಡಿಸ್ಕ್ ತುಂಬಿ 11 ದಿನ ಆಗಿತ್ತು. ಅಲ್ಲಿಂದ ಇಲ್ಲಿಯವರೆಗೆ ತಿಂಗಳಿಗೊಮ್ಮೆ, ಮೂರನೇ ಶನಿವಾರ ಕೌಂಟರ್ ಮುಚ್ಚಿದ ಮೇಲೆ, ಬ್ಯಾಕಪ್ ತಿರುಗಿ ಹಾಕಿ ಟ್ರಯಲ್ ಬ್ಯಾಲೆನ್ಸ್ ತಾಳೆ ನೋಡುತ್ತೇನೆ. ತಪ್ಪಿಸಿಲ್ಲ.

ಹೋದ ತಿಂಗಳು ಹಾಗೆ ಕೂತಿದ್ದಾಗ ಮೂರನೇ ಕೌಂಟರಿನ ಅಕ್ಕ ಮನೆಗೆ ಹೊರಟವರು ನಿಂತು, "ಏನ್ ಮಾಡಾಕತ್ತೀಯೋ ತಮ್ಮಾ?" ಅಂದರು. ಹೇಳಿದೆ. ಚೀಲ ಕೆಳಗಿಟ್ಟರು.

"ಹಂಗಾರ ನನ್ನ ಪಿಗ್ಮಿನೂ ಈ ಹಳೇ ಡಬ್ಬಿಯೊಳಗ ಐತೇನು?"

ಖಾತೆ ನಂಬರ್ ಹೇಳಿದರು, ತೆಗೆದೆ. ಚೀಲದಿಂದ ಹಿಂದಿನ ದಿನದ ರಸೀದಿ ತೆಗೆದು ಪರದೆಯ ಪಕ್ಕ ಹಿಡಿದು ಬೆರಳಿಟ್ಟು ಓದಿದರು. ನಿನ್ನೆ ಕಟ್ಟಿದ 50 ರೂಪಾಯಿಯೂ ಅಲ್ಲಿತ್ತು.