ಜೇನು ಕೀಳುವವರ ಎರಡು ಕಾಡುಗಳು

ಕೀನ್ಯಾದ ಮಾವ್ ಕಾಡಿನಲ್ಲಿ ಓಗಿಯೆಕ್ ಎಂಬ ಸಮುದಾಯವಿದೆ. ಮರದ ದಿಮ್ಮಿಯನ್ನು ಟೊಳ್ಳು ಮಾಡಿ, ಅದನ್ನು ಎತ್ತರದ ಕೊಂಬೆಗಳ ಮೇಲೆ ಇರಿಸಿ, ಅದರಲ್ಲಿ ಕಟ್ಟಿದ ಜೇನನ್ನು ಕೀಳುವುದು ಅವರ ತಲೆತಲಾಂತರದ ಬದುಕು. ನಮ್ಮ ನಾಗರಹೊಳೆಯ ಜೇನುಕುರುಬರಿಗಂತೂ ಹೆಸರೇ ಜೇನಿನಿಂದ ಬಂದಿದೆ. ಕಾಡನ್ನು ಉಳಿಸಬೇಕೆಂಬ ಕಾರಣ ಹೇಳಿಯೇ ಈ ಎರಡೂ ಸಮುದಾಯಗಳನ್ನು ಅವರವರ ಕಾಡಿನಿಂದ ಒಕ್ಕಲೆಬ್ಬಿಸಲಾಯಿತು. ಎರಡೂ ತಮ್ಮ ದೂರನ್ನು ದೇಶದ ಗಡಿಯಾಚೆಗೆ ಒಯ್ದವು. ಆದರೆ ಅವಕ್ಕೆ ಸಿಕ್ಕ ಉತ್ತರ ಒಂದೇ ಆಗಿರಲಿಲ್ಲ. ಮೂಲನಿವಾಸಿಗಳ ಹಕ್ಕಿಗಾಗಿ ಜಗತ್ತು ನಡೆಸಿದ ಪ್ರಯತ್ನಗಳ ಬಗ್ಗೆ ಓದುವಾಗಲೆಲ್ಲ ನನಗೆ ಈ ಎರಡು ಕಾಡುಗಳು ಒಟ್ಟಿಗೇ ನೆನಪಾಗುತ್ತವೆ.

ಹೀಗೆ ದೂರು ಒಯ್ಯುವುದು ಹೊಸದೇನಲ್ಲ. 1923ರಲ್ಲಿ ಕೆನಡಾದ ಹೋಡೆನೊಶೋನಿ ಎಂಬ ಮೂಲನಿವಾಸಿ ಜನರ ಮುಖಂಡ ಡೆಸ್ಕಾಹೆ ಜಿನೀವಾಕ್ಕೆ ಹೋಗಿ, ತಮ್ಮ ಜನರ ಸ್ವಂತ ಆಡಳಿತವನ್ನು ಕೆನಡಾ ಸರ್ಕಾರ ಮುರಿಯುತ್ತಿದೆಯೆಂದು, ವಿಶ್ವಸಂಸ್ಥೆಗೂ ಮುಂಚೆ ಇದ್ದ ರಾಷ್ಟ್ರಸಂಘದ ಮುಂದೆ ಹೇಳಲು ತಿಂಗಳುಗಟ್ಟಲೆ ಕಾದರು. ಅವರಿಗೆ ಆ ಸಭೆಯಲ್ಲಿ ಮಾತನಾಡುವ ಅವಕಾಶ ಸಿಗಲೇ ಇಲ್ಲ. 1957ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮೂಲನಿವಾಸಿ ಮತ್ತು ಬುಡಕಟ್ಟು ಜನರ ಕುರಿತ ತನ್ನ 107ನೇ ಒಡಂಬಡಿಕೆಯನ್ನು ತಂದಾಗ ಭೂಮಿಯ ಹಕ್ಕು ಮೊದಲ ಬಾರಿಗೆ ಇಂಥ ಬರಹದಲ್ಲಿ ಸ್ಪಷ್ಟವಾಗಿ ಕಾಣಿಸಿಕೊಂಡಿತಾದರೂ, ಬುಡಕಟ್ಟುಗಳು ಕ್ರಮೇಣ ಉಳಿದ ಸಮಾಜದಲ್ಲಿ ಬೆರೆತುಹೋಗಬೇಕೆಂಬ ನಂಬಿಕೆಯೇ ಅದರ ತಳಹದಿಯಾಗಿತ್ತು. ಭಾರತ ಅದನ್ನು 1958ರಲ್ಲಿ ಅನುಮೋದಿಸಿತು. ಆ ನಂಬಿಕೆಯನ್ನು ತಿದ್ದಿ 1989ರಲ್ಲಿ ಬಂದ 169ನೇ ಒಡಂಬಡಿಕೆಯನ್ನು ಭಾರತ ಈವರೆಗೂ ಅನುಮೋದಿಸಿಲ್ಲ.

ಈ ಹಾದಿಯ ದೊಡ್ಡ ಘಟ್ಟವೆಂದರೆ ವಿಶ್ವಸಂಸ್ಥೆಯ ಮೂಲನಿವಾಸಿಗಳ ಹಕ್ಕುಗಳ ಘೋಷಣೆ. 1982ರಲ್ಲಿ ಜಿನೀವಾದಲ್ಲಿ ಒಂದು ಕಾರ್ಯಗುಂಪು ಮೊದಲ ಬಾರಿಗೆ ಸೇರಿದಲ್ಲಿಂದ ಹಿಡಿದು 2007ರ ಸೆಪ್ಟೆಂಬರ್ 13ರಂದು ಸಾಮಾನ್ಯ ಸಭೆ ಘೋಷಣೆಯನ್ನು ಅಂಗೀಕರಿಸುವವರೆಗೆ ಇಪ್ಪತ್ತೈದು ವರ್ಷ ಹಿಡಿಯಿತು. 144 ದೇಶಗಳು ಪರವಾಗಿ, 4 ದೇಶಗಳು ವಿರುದ್ಧವಾಗಿ ಮತ ಹಾಕಿದವು. 11 ದೇಶಗಳು ತಟಸ್ಥವಾಗಿ ಉಳಿದವು. ವಿರೋಧಿಸಿದ ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳು 2010ರ ಕೊನೆಯೊಳಗೆ ನಿಲುವು ಬದಲಿಸಿದವು. ಮೂಲನಿವಾಸಿಗಳನ್ನು ಅವರ ನೆಲದಿಂದ ಬಲವಂತವಾಗಿ ಎಬ್ಬಿಸಕೂಡದು, ಅವರಿಗೆ ಎಲ್ಲವನ್ನೂ ಮೊದಲೇ ತಿಳಿಸಿ, ಒತ್ತಡವಿಲ್ಲದೆ ಅವರು ಕೊಡುವ ಸಮ್ಮತಿಯಿಲ್ಲದೆ ಸ್ಥಳಾಂತರ ಸಲ್ಲದು ಎಂದು ಅದರ 10ನೇ ವಿಧಿ ಹೇಳುತ್ತದೆ. ಘೋಷಣೆಯ 46 ವಿಧಿಗಳಲ್ಲಿ ನಾನು ಮತ್ತೆ ಮತ್ತೆ ತೆರೆದು ಓದಿರುವುದು ಇದನ್ನೇ.

ಭಾರತ ಘೋಷಣೆಯ ಪರವಾಗಿ ಮತ ಹಾಕಿತು. ಆದರೆ ಸ್ವಾತಂತ್ರ್ಯ ಬಂದಾಗ ಈ ದೇಶದಲ್ಲಿದ್ದ ಸಮಸ್ತ ಜನರೂ, ಅವರ ಸಂತತಿಯವರೂ ಮೂಲನಿವಾಸಿಗಳೇ ಎಂಬುದು ನಮ್ಮ ಸರ್ಕಾರದ ಅಧಿಕೃತ ನಿಲುವು. ಸಾವಿರಾರು ವರ್ಷಗಳ ವಲಸೆ ಮತ್ತು ಬೆರಕೆಯ ಈ ನೆಲದಲ್ಲಿ ಮೊದಲು ಬಂದವರು ಯಾರೆಂದು ಗೆರೆ ಎಳೆಯುವುದು ಕಷ್ಟವೆಂಬುದನ್ನು ನಾನೂ ಒಪ್ಪುತ್ತೇನೆ. ಆದರೂ ಕಾಡಿನ ಹಾಡಿಯಲ್ಲಿ, ಅಂದರೆ ಬುಡಕಟ್ಟು ಜನರ ಪುಟ್ಟ ಊರಿನಲ್ಲಿ, ಹುಟ್ಟಿ ಅಲ್ಲಿಂದಲೇ ಹೊರದೂಡಲ್ಪಟ್ಟವರನ್ನೂ ನಗರದಲ್ಲಿ ಕುಳಿತು ಇದನ್ನು ಬರೆಯುತ್ತಿರುವ ನನ್ನನ್ನೂ ಒಂದೇ ಪದದಲ್ಲಿ ಸೇರಿಸಿದರೆ, ಆ ಪದ ಯಾರನ್ನು ಕಾಪಾಡಲೆಂದು ಹುಟ್ಟಿತೋ ಅವರಿಗೇ ಅದು ಒದಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಆ ದಿನ ತಟಸ್ಥವಾಗಿ ಉಳಿದ ದೇಶಗಳಲ್ಲಿ ಕೀನ್ಯಾವೂ ಒಂದು. ಎರಡೇ ವರ್ಷಗಳ ನಂತರ, 2009ರ ಅಕ್ಟೋಬರಿನಲ್ಲಿ, ಅಲ್ಲಿನ ಅರಣ್ಯ ಇಲಾಖೆ ಮಾವ್ ಕಾಡನ್ನು 30 ದಿನಗಳಲ್ಲಿ ತೆರವು ಮಾಡಬೇಕೆಂದು ನೋಟಿಸು ಕೊಟ್ಟಿತು. ಓಗಿಯೆಕ್ ಜನರ ದೂರು ಆಫ್ರಿಕಾದ ಮಾನವ ಹಕ್ಕುಗಳ ಆಯೋಗದ ಮೂಲಕ ಟಾಂಜಾನಿಯಾದ ಅರುಷಾದಲ್ಲಿರುವ ಆಫ್ರಿಕನ್ ಮಾನವ ಹಕ್ಕುಗಳ ನ್ಯಾಯಾಲಯವನ್ನು ತಲುಪಿ, 2017ರ ಮೇ 26ರಂದು ತೀರ್ಪು ಹೊರಬಿತ್ತು. ಓಗಿಯೆಕ್ ಜನ ಮೂಲನಿವಾಸಿಗಳೆಂದು ನ್ಯಾಯಾಲಯ ಒಪ್ಪಿತು. ಕಾಡು ಹಾಳಾಗಲು ಇವರೇ ಕಾರಣವೆಂಬುದಕ್ಕೆ ಸರ್ಕಾರ ಪುರಾವೆ ಒದಗಿಸಿಲ್ಲ, ಇತರರ ಒತ್ತುವರಿ ಮತ್ತು ಮರ ಕಡಿಯಲು ಸರ್ಕಾರವೇ ಕೊಟ್ಟ ಪರವಾನಗಿಗಳೂ ಅದಕ್ಕೆ ಕಾರಣವೆಂದು ದಾಖಲೆಗಳೇ ಹೇಳುತ್ತವೆ ಎಂದಿತು. ಭೂಮಿಯ ಹಕ್ಕನ್ನು ವಿವರಿಸುವಾಗ ನ್ಯಾಯಾಲಯ ಆಧರಿಸಿದ ಬರಹಗಳಲ್ಲಿ 2007ರ ಘೋಷಣೆಯೂ ಇತ್ತು. ಕೀನ್ಯಾ ತಾನು ಮತ ಹಾಕದೆ ಬಿಟ್ಟ ಮಾತುಗಳಿಗೇ ಉತ್ತರ ಕೊಡಬೇಕಾಯಿತು. 2022ರ ಜೂನ್ 23ರಂದು ಬಂದ ಪರಿಹಾರದ ಆದೇಶದಲ್ಲಿ 15 ಕೋಟಿಗೂ ಹೆಚ್ಚು ಕೀನ್ಯಾ ಶಿಲಿಂಗ್ ಕೊಡಬೇಕೆಂದೂ, ಅವರ ಭೂಮಿಯನ್ನು ಗುರುತಿಸಿ ಸಮುದಾಯದ ಹೆಸರಿಗೆ ಹಕ್ಕುಪತ್ರ ನೀಡಬೇಕೆಂದೂ ಹೇಳಲಾಯಿತು.

ನಾಗರಹೊಳೆಯ ದೂರು ಇದಕ್ಕಿಂತ ಹಳೆಯದು. ವಿಶ್ವಬ್ಯಾಂಕಿನ ನೆರವಿನಿಂದ ದೇಶದ ಏಳು ರಕ್ಷಿತ ಅರಣ್ಯಗಳಲ್ಲಿ 1990ರ ದಶಕದ ನಡುವೆ ಆರಂಭವಾದ ಪರಿಸರ ಅಭಿವೃದ್ಧಿ ಯೋಜನೆಯಲ್ಲಿ ನಾಗರಹೊಳೆಯೂ ಸೇರಿತ್ತು. ಬುಡಕಟ್ಟು ಜನರ ಬಗ್ಗೆ ಬ್ಯಾಂಕಿಗೆ ತನ್ನದೇ ಆದ ನಿಯಮಗಳಿದ್ದವು. ಅವನ್ನು ಪಾಲಿಸಿಲ್ಲ, ಯೋಜನೆ ರೂಪಿಸುವಾಗ ತಮ್ಮನ್ನು ಕೇಳಲೇ ಇಲ್ಲವೆಂದು ನಾಗರಹೊಳೆ ಬುಡಕಟ್ಟು ಜನರ ಹಕ್ಕುಸ್ಥಾಪನಾ ಸಮಿತಿ 1998ರಲ್ಲಿ ಬ್ಯಾಂಕಿನ ತಪಾಸಣಾ ಮಂಡಳಿಗೆ ದೂರು ಕೊಟ್ಟಿತು. ಮಂಡಳಿ ದೂರಿನಲ್ಲಿ ಹುರುಳಿದೆಯೆಂದು ಕಂಡು ಪೂರ್ಣ ತನಿಖೆಗೆ ಶಿಫಾರಸು ಮಾಡಿತು. ಬ್ಯಾಂಕಿನ ನಿರ್ದೇಶಕರು ತನಿಖೆಗೆ ಒಪ್ಪಿಗೆ ಕೊಡಲಿಲ್ಲ.

ಹಾಡಿಯ ಜನ ಇಷ್ಟು ದೂರದ ಸಂಸ್ಥೆಯವರೆಗೆ ತಮ್ಮ ಮಾತನ್ನು ಮುಟ್ಟಿಸಿದ್ದರೆಂಬುದು ಮೈಸೂರು, ಕೊಡಗು ಸೀಮೆಯಲ್ಲೇ ಹಲವರಿಗೆ ತಿಳಿಯದು ಎಂಬುದು ನನ್ನನ್ನು ಬಹಳ ನೋಯಿಸುತ್ತದೆ. ಓಗಿಯೆಕ್ ಜನರಿಗೆ ಒಂದು ನ್ಯಾಯಾಲಯವಿತ್ತು. ಮಧ್ಯ ಅಮೆರಿಕದ ನಿಕರಾಗುವಾದ ಅವಾಸ್ ಟಿಂಗ್ನಿ ಎಂಬ ಮೂಲನಿವಾಸಿ ಸಮುದಾಯಕ್ಕೆ 2001ರಲ್ಲಿ ಅಮೆರಿಕ ಖಂಡಗಳ ಮಾನವ ಹಕ್ಕುಗಳ ನ್ಯಾಯಾಲಯ ಒದಗಿತ್ತು. ಏಷ್ಯಾದಲ್ಲಿ ಅಂಥ ನ್ಯಾಯಾಲಯವೇ ಇಲ್ಲ. ಆದ್ದರಿಂದ ನಾಗರಹೊಳೆಯವರಿಗೆ ಹೊರಗೆ ಸಿಕ್ಕ ಬಾಗಿಲು ಸಾಲ ಕೊಟ್ಟ ಬ್ಯಾಂಕಿನದೇ ಆಗಿತ್ತು. ಜಿನೀವಾ, ನ್ಯೂಯಾರ್ಕ್‌ಗಳಲ್ಲಿ ಬರೆದ ಮಾತು ಎಷ್ಟೇ ಒಳ್ಳೆಯದಿರಲಿ, ಅದನ್ನು ಹಿಡಿದು ಯಾರ ಬಾಗಿಲು ತಟ್ಟಬೇಕು, ತಟ್ಟಿದರೆ ಒಳಗಿರುವವರು ಉತ್ತರಿಸಲೇಬೇಕೆ ಎಂಬುದೇ ನನಗೆ ಮುಖ್ಯವಾಗಿ ಕಾಣುವ ಪ್ರಶ್ನೆ.

ನಮ್ಮಲ್ಲಿ ಅಂಥ ಬಾಗಿಲಾಗಬೇಕಾದದ್ದು 2006ರ ಅರಣ್ಯ ಹಕ್ಕು ಕಾಯ್ದೆ. ವನ್ಯಜೀವಿಗಳಿಗೆ ಅತ್ಯಗತ್ಯವೆಂದು ಗುರುತಿಸಿದ ನೆಲೆಗಳಲ್ಲಿಯೂ ಗ್ರಾಮಸಭೆಯ ಮುಕ್ತವಾದ, ತಿಳಿವಳಿಕೆಯ ಸಮ್ಮತಿಯಿಲ್ಲದೆ ಯಾರನ್ನೂ ಸ್ಥಳಾಂತರಿಸುವಂತಿಲ್ಲವೆಂದು ಅದು ಹೇಳುತ್ತದೆ. ಘೋಷಣೆಯ 10ನೇ ವಿಧಿಯ ಮಾತೇ ಇಲ್ಲಿ ದೇಶದ ಕಾನೂನಾಗಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯದ ಅರಣ್ಯ ಹಕ್ಕು ಪಡೆದದ್ದು ಈ ಕಾಯ್ದೆಯಿಂದಲೇ.

ಮಾವ್ ಕಾಡಿನಲ್ಲಿ ತೀರ್ಪು ಬಂದ ಮೇಲೂ, 2023ರ ನವೆಂಬರಿನಲ್ಲಿ, ಓಗಿಯೆಕ್ ಕುಟುಂಬಗಳ ಮನೆಗಳನ್ನು ಕೆಡವಿ ಅವರನ್ನು ಮತ್ತೆ ಹೊರಹಾಕಲಾಯಿತು. ಇತ್ತ ನಾಗರಹೊಳೆಯಲ್ಲಿ, 2025ರ ಮೇ ತಿಂಗಳ ಆರಂಭದಲ್ಲಿ, ದಶಕಗಳ ಹಿಂದೆ ಹೊರದೂಡಲ್ಪಟ್ಟಿದ್ದ 52 ಜೇನುಕುರುಬ ಕುಟುಂಬಗಳು ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಗೆ ನಡೆದುಬಂದು, ತಮ್ಮ ಹಿರಿಯರು ಇದ್ದ ಜಾಗದಲ್ಲಿ ಗುಡಿಸಲು ಹಾಕಲು ತೊಡಗಿದವು. ಅವರು ಆಧಾರವಾಗಿ ಮುಂದಿಟ್ಟದ್ದು ಅರಣ್ಯ ಹಕ್ಕು ಕಾಯ್ದೆಯಡಿ ತಾವು ಮೊದಲೇ ಸಲ್ಲಿಸಿದ್ದ ಅರ್ಜಿಗಳನ್ನು.